ದಯೆಗೆ ಮುನ್ನ ನ್ಯಾಯ

ದಯೆಯು ಮಾನವನ ಶ್ರೇಷ್ಠ ಗುಣವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬನ ದಾರಿಗೆ ನಾವೇ ಕಲ್ಲನ್ನಿಟ್ಟು, ಅವನು ಎಡವಿದಾಗ ಕೈಹಿಡಿದು ಎತ್ತಿದರೆ ಅದನ್ನು ದಯೆಯೆನ್ನಬಹುದೇ? ಅಂತರ್ಜಾಲದ ಈ ಯುಗದಲ್ಲಿ ಈ ಪ್ರಶ್ನೆಯು ಹೊಸ ರೂಪವನ್ನು ತಾಳಿ ನಮ್ಮೆದುರು ನಿಂತಿದೆ.

ಪಿಂಚಣಿ, ಪಹಣಿ, ಆದಾಯ ಪ್ರಮಾಣಪತ್ರ, ಬ್ಯಾಂಕಿನ ವ್ಯವಹಾರ ಮೊದಲಾದವು ಇಂದು ಜಾಲತಾಣಗಳ ಮೂಲಕ ನಡೆಯುತ್ತಿವೆ. ನಮ್ಮ ರಾಜ್ಯದ ಸೇವಾಸಿಂಧು ಇದಕ್ಕೊಂದು ನಿದರ್ಶನ. ಕಚೇರಿಯ ಮೆಟ್ಟಿಲನ್ನು ಏರಲಾರದವರಿಗೆ ಮನೆಯಲ್ಲಿಯೇ ಕುಳಿತು ಅರ್ಜಿ ಸಲ್ಲಿಸುವ ಅನುಕೂಲವು ವರವೇ ಸರಿ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಅಧಿಕ ವಿಕಲಚೇತನರಿದ್ದಾರೆ. ಆದರೆ ಇವರಿಗೆ ವರವಾಗಬೇಕಾದುದೇ ಗೋಡೆಯಾದರೆ ಹೇಗೆ?

ಅಂಧರು ಗಣಕಯಂತ್ರವನ್ನು ಬಳಸುವುದು ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ. ಅದಕ್ಕೆ ಬರಹವು ಬರಹವಾಗಿಯೇ ಇರಬೇಕು. ಸರ್ಕಾರಿ ಆದೇಶವೊಂದರ ಚಿತ್ರವನ್ನು ಮಾತ್ರ ಜಾಲತಾಣಕ್ಕೆ ಏರಿಸಿದರೆ ಅದು ಓದಲಾರದೆ ತಡವರಿಸುತ್ತದೆ. ಯುನಿಕೋಡ್ ಅಲ್ಲದ ಹಳೆಯ ವಿಧಾನದಲ್ಲಿ ಬೆರಳಚ್ಚು ಮಾಡಿದ ಬರಹವು ಕಣ್ಣಿಗೆ ಅಚ್ಚಗನ್ನಡ, ಕಿವಿಗೆ ಅರ್ಥವಿಲ್ಲದ ಶಬ್ದರಾಶಿ. ವಕ್ರವಾದ ಅಕ್ಷರಗಳ ಚಿತ್ರವನ್ನು ನೋಡಿ ಬರೆದು ‘ಮನುಷ್ಯನೆಂದು’ ಸಿದ್ಧಪಡಿಸಬೇಕೆಂಬ ನಿಯಮವಂತೂ ಕಾಣದವನ ಮನುಷ್ಯತ್ವವನ್ನೇ ಪ್ರಶ್ನಿಸಿದಂತೆ. ಕಿವುಡರಿಗೆ ದೃಶ್ಯದ ಕೆಳಗೆ ಬರಹವಿಲ್ಲ. ಕೈ ನಡುಗುವವರಿಗೆ ಸಾಕಷ್ಟು ಕಾಲಾವಕಾಶವಿಲ್ಲ.

“ಯಾರಾದರೂ ನೆರವಾಗುತ್ತಾರಲ್ಲ, ಮಾನವರು ಪರಸ್ಪರ ಆಶ್ರಯಿಸಿಯೇ ಬಾಳಬೇಕಲ್ಲವೆ?” ಎಂದು ಕೆಲವರು ಕೇಳಬಹುದು. ಮಾತು ನಿಜ. ಆದರೆ ನಾವು ಬಯಸಿ ಪಡೆಯುವ ನೆರವು ಬೇರೆ, ಅನಿವಾರ್ಯವಾಗಿ ಬೇಡಬೇಕಾದ ನೆರವು ಬೇರೆ. ತನ್ನ ಖಾತೆಯ ಹಣವೆಷ್ಟು, ತನ್ನ ರೋಗವೇನು, ತನ್ನ ಗುಪ್ತಸಂಖ್ಯೆ ಯಾವುದು ಎಂಬುದನ್ನೆಲ್ಲ ಪರರ ಮುಂದೆ ತೆರೆದಿಡಬೇಕಾದವನಿಗೆ ಕೆಲಸ ಕೈಗೂಡಬಹುದು, ಸ್ವಾಭಿಮಾನ ಉಳಿಯುವುದೆ? ನೆರವಾಗುವವನು ಸಜ್ಜನನಾದರೂ ಈ ನಷ್ಟ ತಪ್ಪಿದ್ದಲ್ಲ.

ಈ ವಿವೇಕವು ನಮ್ಮ ನಾಡಿಗೆ ಹೊಸದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಸ್ಮರಿಸಿರಿ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಅನ್ನವನ್ನಿಕ್ಕಿದರು. ಅಷ್ಟಕ್ಕೇ ನಿಲ್ಲದೆ ಸಂಗೀತ ವಿದ್ಯೆಯನ್ನಿತ್ತು ತಮ್ಮ ಕಾಲ ಮೇಲೆ ತಾವೇ ನಿಲ್ಲುವಂತೆ ಮಾಡಿದರು. ಅನ್ನವು ದಯೆ; ವಿದ್ಯೆಯು ಬಾಗಿಲು.

ಜಾಲತಾಣದ ಬಾಗಿಲನ್ನು ತೆರೆಯುವ ವಿಧಾನವೂ ಅಜ್ಞಾತವಲ್ಲ. ಚಿತ್ರಕ್ಕೊಂದು ವಿವರಣೆ, ಅರ್ಜಿಯ ಪ್ರತಿ ಅಂಕಣಕ್ಕೂ ಹೆಸರು, ಕೀಲಿಮಣೆಯೊಂದರಿಂದಲೇ ಎಲ್ಲವನ್ನೂ ನಡೆಸುವ ಅನುಕೂಲ ಮೊದಲಾದ ಸೂತ್ರಗಳು 1999ರಲ್ಲಿಯೇ ಅಂತರರಾಷ್ಟ್ರೀಯವಾಗಿ ಪ್ರಕಟಗೊಂಡಿವೆ. ಕಟ್ಟುವಾಗಲೇ ಇವನ್ನು ಅಳವಡಿಸಿದರೆ ವೆಚ್ಚ ಅಲ್ಪ. ಕಟ್ಟಿದ ಮೇಲೆ ಒಡೆದು ತಿದ್ದುವುದು ಕಷ್ಟ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ಇದನ್ನು ಹಕ್ಕೆಂದೇ ಪರಿಗಣಿಸಿದೆ. ಆದರೂ ಖಾತೆ ತೆರೆಯಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ನಿಯಮದಿಂದ, ಆಮ್ಲದಾಳಿಯಲ್ಲಿ ಕಣ್ಣುಗಳಿಗೆ ಘಾಸಿಯಾದ ಮಹಿಳೆಯೊಬ್ಬರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಏರಬೇಕಾಯಿತು. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಅಂಗವೆಂದು ನ್ಯಾಯಾಲಯವು 2025ರ ಏಪ್ರಿಲ್ 30ರಂದು ಸಾರಿತು.

ಕಾನೂನು ತನ್ನ ಮಾತನ್ನು ಹೇಳಿದೆ. ಉಳಿದಿರುವುದು ನಮ್ಮ ಅಂತಃಕರಣದ ಮಾತು. ಶ್ರೀಮಠದಲ್ಲಿ ಕಲಿತ ಅನೇಕರು ಇಂದು ಅಧಿಕಾರಿಗಳಾಗಿ, ಅಭಿಯಂತರರಾಗಿ, ಶಿಕ್ಷಕರಾಗಿ ಇದ್ದೀರಿ. ನಿಮ್ಮ ಸಂಸ್ಥೆಯ ಜಾಲತಾಣವನ್ನು ಒಮ್ಮೆ ಕಣ್ಣು ಮುಚ್ಚಿ, ಕಿವಿಯಿಂದ ಮಾತ್ರ ಬಳಸಿ ನೋಡಿರಿ. ಎಲ್ಲಿ ನೀವು ಎಡವುವಿರೋ ಅಲ್ಲಿ ನಾವಿಟ್ಟ ಕಲ್ಲಿದೆ. ಮೊದಲು ಅದನ್ನು ತೆಗೆಯೋಣ. ಬಳಿಕ ದಯೆಯ ಮಾತನ್ನಾಡೋಣ.