ಮೂರನೆಯ ಜಾಗ ಯಾರದು?

2014ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿ ಅಮೆರಿಕದ ರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಷಿಪ್ ನಡೆಯಿತು. ಸೋಚಿ ಒಲಿಂಪಿಕ್ಸಿಗೆ ಆ ದೇಶದ ಮೂವರು ಮಹಿಳೆಯರು ಹೋಗಬಹುದಿತ್ತು. ಮಿರಾಯ್ ನಾಗಾಸು ಮೂರನೆಯವರಾಗಿ ಬಂದರು. ಫ್ರೀ ಸ್ಕೇಟ್‌ನಲ್ಲಿ ಎರಡು ಸಲ ಬಿದ್ದ ಆಶ್ಲಿ ವ್ಯಾಗ್ನರ್ ನಾಲ್ಕನೆಯವರಾದರು. ಮರುದಿನ ಪಟ್ಟಿ ಹೊರಬಿದ್ದಾಗ ಅದರಲ್ಲಿ ವ್ಯಾಗ್ನರ್ ಹೆಸರಿತ್ತು, ನಾಗಾಸು ಹೆಸರಿರಲಿಲ್ಲ.

ಅನ್ಯಾಯವೆಂಬ ಕೂಗು ಎದ್ದಿತು. ಕರುಳಿನ ಮಾತು ಕೇಳಿದರೆ ನಾನೂ ನಾಗಾಸು ಪರವೇ. ಆದರೂ ಆ ಆಯ್ಕೆ ತಪ್ಪೆಂದು ಹೇಳಲಾರೆ. ತಪ್ಪು ಇದ್ದದ್ದು ಬೇರೆ ಕಡೆ.

ಆ ಮೂರನೆಯ ಜಾಗ ಬಂದದ್ದಾದರೂ ಎಲ್ಲಿಂದ? ಹಿಂದಿನ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ದೇಶದ ಮೊದಲ ಇಬ್ಬರ ಸ್ಥಾನಗಳನ್ನು ಕೂಡಿದಾಗ ಮೊತ್ತ 13 ದಾಟದಿದ್ದರೆ ಮೂರು ಜಾಗ ಎಂಬುದು ಅಂದಿನ ನಿಯಮ. 2013ರಲ್ಲಿ ವ್ಯಾಗ್ನರ್ ಐದನೆಯವರು, ಗ್ರೇಸಿ ಗೋಲ್ಡ್ ಆರನೆಯವರು; ಒಟ್ಟು 11. ಅಂದರೆ ಯಾವ ಜಾಗಕ್ಕಾಗಿ ಇಷ್ಟು ಜಗಳವೋ ಅದನ್ನು ದುಡಿದು ತಂದವರಲ್ಲಿ ವ್ಯಾಗ್ನರ್ ಒಬ್ಬರು. ಹಾಗೆಂದು ಬಾಕಿ ಸಂಬಳದಂತೆ ಅದನ್ನು ಅವರಿಗೆ ಚುಕ್ತಾ ಮಾಡಬೇಕಾಗಿಯೂ ಇರಲಿಲ್ಲ. ಜಾಗ ದೇಶದ ಹೆಸರಿಗೆ ಬರುತ್ತದೆ, ವ್ಯಕ್ತಿಯ ಹೆಸರಿಗಲ್ಲ.

ಆಯ್ಕೆಯಲ್ಲಿ ನೋಡಬೇಕಾದ ಇನ್ನೊಂದು ಸಂಗತಿಯೂ ಇತ್ತು: ಸೋಚಿಯಲ್ಲಿ ತಂಡ ಸ್ಪರ್ಧೆ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಬಂತು. ಪುರುಷರು, ಮಹಿಳೆಯರು, ಜೋಡಿ, ಐಸ್ ಡಾನ್ಸ್ ಎಂಬ ನಾಲ್ಕೂ ವಿಭಾಗಗಳ ಅಂಕಗಳು ಒಂದೇ ಲೆಕ್ಕಕ್ಕೆ ಸೇರುತ್ತವೆ: ಮೊದಲಿಗರಿಗೆ 10, ಎರಡನೆಯವರಿಗೆ 9, ಹೀಗೆ ಇಳಿಯುತ್ತದೆ. ಒಬ್ಬರು ಎಡವಿದರೆ ಚೆನ್ನಾಗಿ ಆಡಿದ ಐಸ್ ಡಾನ್ಸ್ ಜೋಡಿಯ ಪದಕವೂ ಕೈತಪ್ಪಬಹುದು. ಇಂಥಲ್ಲಿ ಆಯ್ಕೆಯೆಂಬುದು ನಿನ್ನೆಯ ಆಟಕ್ಕೆ ಕೊಡುವ ಬಹುಮಾನ ಆಗಲಾರದು. ಉಳಿದವರ ಶ್ರಮವನ್ನು ಒಬ್ಬರ ಕೈಗೆ ಒಪ್ಪಿಸುವುದೇ ಆಯ್ಕೆ. ಹಾಗೆ ಒಪ್ಪಿಸುವಾಗ ಒಂದು ರಾತ್ರಿ ಎರಡು ಸಲ ಬಿದ್ದದ್ದರ ಜೊತೆ ವರ್ಷವಿಡೀ ಆಡಿದ್ದನ್ನೂ ತೂಗುವುದು ನ್ಯಾಯವೇ.

ಆದರೆ ತಕ್ಕಡಿ ಯಾವುದೆಂದು ಮೊದಲೇ ತಿಳಿದಿರಬೇಕು. ರಾಷ್ಟ್ರೀಯ ಕೂಟವೊಂದೇ ಮಾನದಂಡವಲ್ಲ ಎಂದು ಅಮೆರಿಕದ ನಿಯಮದಲ್ಲೇ ಇತ್ತು. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಮಾತ್ರ ಸಮಿತಿಯ ವಿವೇಚನೆಗೆ ಬಿಡಲಾಗಿತ್ತು. ಸ್ಪರ್ಧೆ ಮುಗಿದ ಮೇಲೆ ಕೊಡುವ ಕಾರಣ ಎಷ್ಟೇ ಸರಿಯಿದ್ದರೂ, ಹೊರಗುಳಿದವರ ಕಿವಿಗೆ ಅದು ನೆಪದಂತೆಯೇ ಕೇಳುತ್ತದೆ. ನಾಗಾಸುಗೆ ಆದ ಅನ್ಯಾಯ ಅದು.

2018ರ ರಾಷ್ಟ್ರೀಯ ಕೂಟದಲ್ಲಿ ವ್ಯಾಗ್ನರ್ ಮತ್ತೆ ನಾಲ್ಕನೆಯವರಾದರು, ಈ ಸಲ ಹೊರಗುಳಿದರು. ನಾಗಾಸು ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿಗೆ ಹೋಗಿ, ತಂಡ ಸ್ಪರ್ಧೆಯಲ್ಲೇ ಟ್ರಿಪಲ್ ಆಕ್ಸೆಲ್ ಹಾರಿ ನಿಂತರು. ಒಲಿಂಪಿಕ್ಸಿನಲ್ಲಿ ಅದನ್ನು ಸಾಧಿಸಿದ ಮೊದಲ ಅಮೆರಿಕನ್ ಮಹಿಳೆ ಅವರು. ಇದರಿಂದ 2014ರ ಸಮಿತಿ ತಪ್ಪೆಂದು ಸಾಬೀತಾಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾಲ್ಕು ವರ್ಷದ ನಂತರದ ಜಿಗಿತ ಅಂದಿನ ಸಮಿತಿಯ ಕಣ್ಣಿಗೆ ಕಾಣುವಂತಿರಲಿಲ್ಲ.

ವಿವೇಚನೆ ಬಾಗಿಲು ಮುಚ್ಚಿಕೊಂಡರೆ ಏನಾಗುತ್ತದೆಂದು ತೋರಿಸಿದ್ದು ರಷ್ಯಾ. ಸೋಚಿಗೆ ಹೋಗಲು ಪುರುಷರಿಗೆ ಅವರಲ್ಲಿ ಇದ್ದದ್ದು ಒಂದೇ ಜಾಗ. ರಾಷ್ಟ್ರೀಯ ಕೂಟದಲ್ಲಿ ಗೆದ್ದವರು ಮ್ಯಾಕ್ಸಿಮ್ ಕೊವ್‌ಟುನ್. ಅಧಿಕಾರಿಗಳ ಮುಂದೆ ಗುಟ್ಟಾಗಿ ನಡೆದ ಪರೀಕ್ಷೆಯ ನಂತರ ಜಾಗ ಸಿಕ್ಕಿದ್ದು 31ರ ಯೆವ್ಗೆನಿ ಪ್ಲುಶೆಂಕೊ ಅವರಿಗೆ. ತಂಡಕ್ಕಾಗಿ ಅವರು ಎರಡೂ ಸುತ್ತು ಆಡಿದರು, ರಷ್ಯಾ ಚಿನ್ನ ಗೆದ್ದಿತು. ಕೆಲವೇ ದಿನಗಳಲ್ಲಿ, ವೈಯಕ್ತಿಕ ಸ್ಪರ್ಧೆಯ ವಾರ್ಮ್‌ಅಪ್‌ನಲ್ಲಿ ಬೆನ್ನುನೋವು ಕಾಣಿಸಿ ಅವರು ಹಿಂದೆ ಸರಿದರು. ಬದಲಿಯನ್ನು ಇಳಿಸುವ ಅವಕಾಶ ಅಷ್ಟರಲ್ಲಿ ಮುಗಿದಿತ್ತು. ತಂಡದ ಚಿನ್ನವನ್ನು ಮುಂದಿಟ್ಟು ಆ ಆಯ್ಕೆಯನ್ನು ಸಮರ್ಥಿಸಬಹುದು. ಆದರೆ ಆ ಪರೀಕ್ಷೆಯಲ್ಲಿ ಏನನ್ನು ಅಳೆದರು, ಹೇಗೆ ಅಳೆದರು ಎಂದು ಕೇಳುವ ಹಕ್ಕು ಕೊವ್‌ಟುನ್‌ಗೆ ಇತ್ತು. ಚಿನ್ನ ಬಂದಿತೆಂದು ಆ ಹಕ್ಕು ಇಲ್ಲವಾಗುವುದಿಲ್ಲ.