ಪರಿಗ್ರಹದ ಮಿತಿ ಮತ್ತು ಹಿಮ ತೂರುವ ಯಂತ್ರ

ಗೃಹಸ್ಥನು ತನ್ನ ಬಳಿ ಎಷ್ಟನ್ನು ಇಟ್ಟುಕೊಳ್ಳಬಹುದು ಎಂಬ ಪ್ರಶ್ನೆಗೆ ಜೈನ ಆಚಾರಶಾಸ್ತ್ರವು ಕೊಡುವ ಉತ್ತರ, ಅದು ಮುನಿಗೆ ಕೊಡುವ ಉತ್ತರಕ್ಕಿಂತ ಬೇರೆಯಾಗಿದೆ. ಮುನಿಗೆ ವಿಧಿಸಿದ್ದು ಪೂರ್ಣ ಅಪರಿಗ್ರಹ, ಎಂದರೆ ಏನನ್ನೂ ತನ್ನದೆಂದು ಹಿಡಿದಿಡದಿರುವುದು. ಸಂಸಾರದಲ್ಲಿದ್ದು ಧರ್ಮವನ್ನು ಪಾಲಿಸುವ ಶ್ರಾವಕನಿಗಾದರೋ ಪರಿಗ್ರಹಪರಿಮಾಣವೆಂಬ ಅಣುವ್ರತವಿದ್ದು, ಹೊಲ, ಮನೆ, ಧನ, ಧಾನ್ಯಗಳಿಗೆ ಅವನೇ ಮಿತಿಯೊಂದನ್ನು ಗೊತ್ತುಮಾಡಿಕೊಂಡು ಅದನ್ನು ಮೀರದೆ ಬಾಳಬೇಕು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಮೂರ್ಛೆಯೆಂದು, ಅಂದರೆ ವಸ್ತುವಿನ ಮೇಲಿನ ಮೋಹವೆಂದು ಗುರುತಿಸುವುದರಿಂದ, ಆ ಮಿತಿಗೆ ಆಧಾರ ಯಾವುದಾಗಬೇಕೆಂಬುದನ್ನು ಪ್ರತಿ ಮನೆಯೂ ತಾನೇ ವಿಚಾರಿಸಬೇಕಾಗುತ್ತದೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಪ್ರದೇಶದ ಗೃಹಸ್ಥನು ಮನೆಯ ಮುಂದಿನ ಡ್ರೈವ್‌ವೇಗಾಗಿ ಕೊಳ್ಳುವ ಸ್ನೋ ಬ್ಲೋವರ್, ಎಂದರೆ ಹಿಮವನ್ನು ಒಳಗೆಳೆದು ದೂರಕ್ಕೆ ತೂರುವ ಯಂತ್ರ, ಈ ವಿಚಾರಕ್ಕೆ ತಕ್ಕ ನಿದರ್ಶನ. ಏರಿ ಸರೋವರದ ಮೇಲೆ ಹಾಯುವ ಶೀತಗಾಳಿಯು ನೀರಿನ ತೇವವನ್ನು ಹೊತ್ತು ದಡದ ಮೇಲೆ ಸುರಿಸುವುದರಿಂದ ಅಲ್ಲಿ ವರ್ಷಕ್ಕೆ ಸರಾಸರಿ ಸುಮಾರು 95 ಅಂಗುಲ ಹಿಮ ಬೀಳುತ್ತದೆ; 2022ರ ನವೆಂಬರಿನಲ್ಲಿ ನಗರದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕಿನಲ್ಲಿ ಒಂದೇ ಹಿಮಪಾತದಲ್ಲಿ ಆರು ಅಡಿಗೂ ಹೆಚ್ಚು ಬಿದ್ದಿತ್ತು. ಅಂಗಡಿಯಲ್ಲಿ ನಿಂತವನ ಮನಸ್ಸನ್ನು ಆಳುವುದು ಈ ಎರಡನೆಯ ಅಂಕಿಯೇ. ಎಂದೋ ಒಮ್ಮೆ ಬರುವ ವಿಪತ್ತಿನ ಭಯವನ್ನೇ ನಿತ್ಯದ ಅಳತೆಗೋಲಾಗಿ ಮಾಡಿಕೊಂಡವನಿಗೆ ಯಾವ ಯಂತ್ರವೂ ಸಾಕೆನಿಸದು; ಆ ಭಯವೂ ಮೂರ್ಛೆಯ ಒಂದು ಮುಖವೆಂದೇ ತಿಳಿಯಬೇಕು.

ನಿಜವಾದ ಅಳತೆಯನ್ನು ನೆಲವೇ ಹೇಳುತ್ತದೆ. ಏಕಹಂತದ ಯಂತ್ರದಲ್ಲಿ ರಬ್ಬರಿನ ಅಲಗು ನೆಲವನ್ನು ಸವರುತ್ತ ತಾನೇ ಹಿಮವನ್ನು ಹೊರಕ್ಕೆ ಎಸೆಯುತ್ತದೆ. ಸಾಮಾನ್ಯವಾಗಿ 18ರಿಂದ 22 ಅಂಗುಲ ಅಗಲದ ಈ ಹಗುರ ಯಂತ್ರವು ಅರ್ಧ ಅಡಿಯ ಹೊಸ ಹಿಮಕ್ಕೆ ಧಾರಾಳವಾಗಿ ಸಾಕಾದರೂ, ಜಲ್ಲಿ ಹಾಸಿದ ದಾರಿಯಲ್ಲಿ ಕಲ್ಲುಗಳನ್ನೇ ಎತ್ತಿ ಎಸೆಯುತ್ತದೆ. ದ್ವಿಹಂತದ ಯಂತ್ರದಲ್ಲಿ ಲೋಹದ ಸುರುಳಿಯು ಒಡೆದು ಒಳಗೆಳೆದ ಹಿಮವನ್ನು ಹಿಂದಿನ ಚಕ್ರವೊಂದು ವೇಗವಾಗಿ ತೂರುವುದರಿಂದ, ರಸ್ತೆಯ ಹಿಮವನ್ನು ಸರಿಸುವ ಪುರಸಭೆಯ ಗಾಡಿ ದಾರಿಯ ಬಾಯಲ್ಲಿ ಒಟ್ಟಿಹೋಗುವ ಗಟ್ಟಿ ದಿಬ್ಬವನ್ನೂ ಅದು ಸೀಳಬಲ್ಲದು.

ಮಿತಿಯೆಂಬುದು ಕಷ್ಟವನ್ನು ಹುಡುಕಿಕೊಂಡು ಹೋಗುವ ವ್ರತವಲ್ಲ. ಹೃದ್ರೋಗವುಳ್ಳವನು ಸರಳತೆಯ ಹೆಸರಿನಲ್ಲಿ ಸಲಿಕೆ ಹಿಡಿದರೆ, ಚಳಿಗೆ ರಕ್ತನಾಳಗಳು ಕುಗ್ಗಿ ಶ್ರಮಕ್ಕೆ ರಕ್ತದೊತ್ತಡ ಏರುವುದರಿಂದ, ತನ್ನ ದೇಹಕ್ಕೇ ಹಿಂಸೆ ಮಾಡಿದಂತಾಗುತ್ತದೆ. ಅಹಿಂಸೆಯ ದೃಷ್ಟಿ ಬೇಲಿಯಾಚೆಗೂ ಹೋಗಬೇಕು: ನಸುಕಿನಲ್ಲಿ ಪೆಟ್ರೋಲ್ ಎಂಜಿನ್ ಗದ್ದಲವೆಬ್ಬಿಸುವಲ್ಲಿ ಬ್ಯಾಟರಿ ಯಂತ್ರ ಬಹಳ ಮೆದು, ಮತ್ತು ತೂರಿದ ಹಿಮ ಬೀಳಬೇಕಾದದ್ದು ಸ್ವಂತ ಅಂಗಳದಲ್ಲಿ, ಅದನ್ನು ರಸ್ತೆಗೆ ಎಸೆಯುವುದನ್ನು ನ್ಯೂಯಾರ್ಕ್ ರಾಜ್ಯದ ಕಾನೂನೂ ನಿಷೇಧಿಸಿದೆ. ಹಿಮ ಹೊರಬರುವ ಕೊಳವೆ ಕಟ್ಟಿಕೊಂಡಾಗ ಎಂಜಿನ್ ನಿಲ್ಲಿಸಿದ ಮೇಲೂ ಕೈ ಹಾಕದೆ ಕೋಲನ್ನೇ ಬಳಸಬೇಕೆಂಬುದು ಇದೇ ಧರ್ಮದ ಭಾಗ, ಏಕೆಂದರೆ ಒಳಗಿನ ಬಿಗಿತ ಉಳಿದಿದ್ದು ಅಲಗು ಥಟ್ಟನೆ ತಿರುಗಿ ಬೆರಳು ಕತ್ತರಿಸಬಲ್ಲದು.

ಆದ್ದರಿಂದ ಎರಡು ಕಾರು ನಿಲ್ಲುವಷ್ಟು ಡಾಂಬರು ದಾರಿಯುಳ್ಳ ನಗರದ ಮನೆಗೆ ಏಕಹಂತದ ಯಂತ್ರ ಸಾಕು. ಜಲ್ಲಿದಾರಿಗೂ ದಕ್ಷಿಣದ ಭಾರೀ ಹಿಮಕ್ಕೂ 24 ಅಂಗುಲದ ಚಿಕ್ಕ ದ್ವಿಹಂತ ಯಂತ್ರ ಯೋಗ್ಯ. ಆರು ಅಡಿ ಬಿದ್ದ ದಿನಕ್ಕೆ ನೆರೆಹೊರೆಯವರು ಸೇರಿ ಕೂಲಿಗೆ ದೊಡ್ಡ ಯಂತ್ರವನ್ನು ಕರೆಸುವುದೇ ಲೇಸು.