ಬೋಳುಕುತ್ತಿಗೆಯ ಹೇಂಟೆ

ಏಪ್ರಿಲ್ ಮಧ್ಯಾಹ್ನ ಕೆರೆಬಿಳಚಿಯ ಕಡೆ ಹಿತ್ತಲ ಕೋಳಿಗಳನ್ನು ನೋಡಿ. ಬಣವೆಯ ನೆರಳು ಹಿಡಿದು, ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ಏದುಸಿರು ಬಿಡುತ್ತಿರುತ್ತವೆ. ಕೋಳಿಗೆ ಬೆವರಿಲ್ಲ, ಮೈಯ ಬಿಸಿಯನ್ನು ಹೆಚ್ಚಾಗಿ ಉಸಿರಿನಲ್ಲೇ ಹೊರಹಾಕಬೇಕು. ತೇಕಿದಷ್ಟೂ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ಬೇಸಿಗೆಯ ಮೊಟ್ಟೆ ಕೈಯಲ್ಲೇ ಬಿರಿಯುವುದು ಇದಕ್ಕೇ.

ಈ ಬಿಸಿಲಿಗೆ ಹೇಳಿ ಮಾಡಿಸಿದಂಥ ಕೋಳಿಯೊಂದು ನಾಟಿ ಹಿಂಡುಗಳಲ್ಲಿ ಅಪರೂಪಕ್ಕೆ ಕಾಣುತ್ತದೆ: ಬೋಳುಕುತ್ತಿಗೆಯದು. ಕೊರಳಿಗೆ ಪುಕ್ಕವಿಲ್ಲ, ಕೆಂಪು ಚರ್ಮ. ರೋಗ ಬಡಿದಿದೆ ಎಂದುಕೊಳ್ಳುವವರೇ ಹೆಚ್ಚು. ಯುರೋಪಿನಲ್ಲಿ ಟ್ರಾನ್ಸಿಲ್ವೇನಿಯದ ಹೆಸರಿನಲ್ಲಿ ಇಂಥದ್ದೇ ಕೋಳಿಯನ್ನು ಹವ್ಯಾಸಿಗಳು ಅಂದಕ್ಕೆ ಸಾಕಿ ಪ್ರದರ್ಶನಕ್ಕೆ ಒಯ್ಯುತ್ತಾರೆ. ಅಂದವೋ ಅಲ್ಲವೋ, ಲಾಭವಂತೂ ಇದೆ. ಬೋಳು ಕೊರಳಿಗೆ ಕಾರಣ ಒಂದೇ ವಂಶವಾಹಿ. ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ಕೊರಳ ಮುಂದೆ ಚಿಕ್ಕ ಗೊಂಚಲು ಪುಕ್ಕ ಉಳಿಯುತ್ತದೆ. ಇಬ್ಬರಿಂದಲೂ ಬಂದಿದ್ದರೆ ಕೊರಳು ಪೂರಾ ಬೋಳು, ಮೈಯ ಪುಕ್ಕವೂ ಶೇ 40ರಷ್ಟು ಕಡಿಮೆ. ಬಿಸಿ ಬೇಗ ಹೊರಹೋಗುವುದರಿಂದ ಉರಿಬಿಸಿಲಿನಲ್ಲೂ ಮೇವು ತಿನ್ನುತ್ತದೆ, ಮೊಟ್ಟೆ ಇಡುತ್ತದೆ. ಮಾಂಸ ಕೊಳ್ಳುವವರಿಗೆ ಪುಕ್ಕ ಕೀಳುವ ಕೆಲಸವೂ ಕಡಿಮೆ, ಅದು ಬೇರೆ ಮಾತು.

ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯವರು ಈ ಲಾಭವನ್ನು ಗುರುತಿಸಿದ್ದಾರೆ. ಬೋಳುಕುತ್ತಿಗೆಯ ನಾಟಿ ಕೋಳಿ ಬಳಸಿ ಅವರು ರೂಪಿಸಿದ ಹಿತ್ತಲ ಕೋಳಿಯ ಹೆಸರು ಹಿತಕಾರಿ. ಪುಕ್ಕಗಳು ಗುಂಗುರಾಗಿ ಹಿಂದಕ್ಕೆ ಮಡಚಿಕೊಳ್ಳುವ ಕೋಳಿಯಿಂದ ಉಪಕಾರಿ ಎಂಬ ಇನ್ನೊಂದು ಕೋಳಿ ಬಂತು. ಊರವರು ನಕ್ಕ ರೂಪವನ್ನೇ ವಿಜ್ಞಾನಿಗಳು ಬಂಡವಾಳ ಮಾಡಿಕೊಂಡರು.

ನಮ್ಮಲ್ಲಿ ಕೋಳಿ ಎಂದರೆ ಮೊದಲು ನೆನಪಾಗುವುದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಿರಿರಾಜ. ಒಳ್ಳೆಯ ಕೋಳಿ, ನಾಟಿಗಿಂತ ಎರಡು ಪಟ್ಟಿಗೂ ಹೆಚ್ಚು ಮೊಟ್ಟೆ. ಆದರೆ ಅದು ಮಿಶ್ರತಳಿ. ಮುಂದಿನ ಪೀಳಿಗೆಯಲ್ಲಿ ಗುಣ ಇಳಿಯುವುದರಿಂದ ಮರಿಗಾಗಿ ಮತ್ತೆ ಹೊರಗೇ ಹೋಗಬೇಕು. ನಾಟಿ ಹೇಂಟೆ ಮಾತ್ರ 21 ದಿನ ತಾನೇ ಕಾವು ಕೂತು ಮರಿ ಮಾಡುತ್ತದೆ. ಆ ಲೆಕ್ಕ ಮೊಟ್ಟೆಯ ಪಟ್ಟಿಯಲ್ಲಿ ಕಾಣುವುದಿಲ್ಲ.

ಕರ್ನಾಲ್‌ನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋದ ಪಟ್ಟಿಯಲ್ಲಿ ಕೋಲಾರ ಕಡೆಯ ಘಾಗಸ್ ಕೋಳಿಗೆ ಜಾಗವಿದೆ. ಬೋಳುಕುತ್ತಿಗೆಗೆ ಇಲ್ಲ, ನಮ್ಮಲ್ಲಿ ಅದು ಒಂದು ಗುಣವೇ ಹೊರತು ತಳಿಯಲ್ಲ. ಅದನ್ನು ಉಳಿಸಬೇಕಾದವರು ಸಾಕುವವರೇ. ನಿಮ್ಮ ಹಿತ್ತಲಲ್ಲಿ ಅಂಥ ಹುಂಜವೊಂದಿದ್ದರೆ ಹಬ್ಬಕ್ಕೆ ಬೇರೆ ಕೋಳಿ ನೋಡಿಕೊಳ್ಳಿ.